ಲಂಡನ್ನಿನ ಬಿಸಿನೀರಿನ ಖರ್ಚು

ಗೆಳತಿಯರೇ, ನನ್ನ ಜಿಪುಣತನದ ಈ ಸುದ್ದಿಯನ್ನು ಹೇಳದೆ ಬಿಡೋಣ ಎಂದಿದ್ದೆ. ಮೊದಲೇ ಲಂಡನ್ನಿಗೆ ಹೋಗಿರುವ ಯಜಮಾನರು ಬರೆದಿದ್ದರು: ಅಲ್ಲಿ ಗ್ಯಾಸಿನ ಡಬ್ಬಿಗೆ ನಾಣ್ಯ ಹಾಕಿದರೆ ಮಾತ್ರ ಬಿಸಿನೀರು. ಅದಕ್ಕೇ ಇವತ್ತು ಅಲ್ಲಿನ ತಿಂಗಳ ಖರ್ಚು ಲೆಕ್ಕ ಹಾಕುವಾಗ ಎಲ್ಲರಿಗೂ ವಾರಕ್ಕೊಂದೇ ಸ್ನಾನ ಹಿಡಿದೆ. ನನ್ನ ಜೊತೆ ಹೊರಡಬೇಕಾದ ಅತ್ತೆಗೆ ಅದನ್ನು ಓದಿ ಹೇಳಿದೆ.

“ಮೀಯದೆ ಪೂಜೆ ಹೆಂಗೆ ಮಾಡ್ಲಿ ಮಾರಾಯ್ತಿ? ನಾನು ಸೊರಬದಲ್ಲೇ ಇರ್ತೀನಿ ಬಿಡು.”

“ದುಡ್ಡು ಸಾಲಲ್ಲ ಅತ್ತೆ.”

ಅವರು ಎದ್ದುಹೋಗಿ ಬಾಯಲ್ಲಿದ್ದ ತಾಂಬೂಲ ಉಗಿದು ಬಂದರು. “ಇವತ್ತಿಂದ ಎಲೆ-ಅಡಿಕೆ ಬಿಟ್ಟೆ. ಆ ದುಡ್ಡು ಸ್ನಾನಕ್ಕೆ ಹಾಕು. ನಾನೂ ಬರ್ತೀನಿ.”

ಆ ಲೆಕ್ಕದಲ್ಲಿ ಎಲೆ-ಅಡಿಕೆಗೆಂದು ನಾನು ಬಿಡಿಗಾಸನ್ನೂ ತೆಗೆದಿಟ್ಟಿರಲಿಲ್ಲ. ಆದರೂ ದಿನದ ಸ್ನಾನ ಬರೆದುಕೊಂಡೆ. ಇಲ್ಲದ ಖರ್ಚಿನ ಉಳಿತಾಯದಲ್ಲಿ ಅತ್ತೆ ಲಂಡನ್ನಿನಲ್ಲಿ ದಿನಾ ಮೀಯಲಿದ್ದಾರೆ. ಯಜಮಾನರಿಗೆ ಯಾರೂ ಬರೆಯಬೇಡಿ. ಈ ಕಾಗದವನ್ನು ನಾಳೆ, ಹದಿನಾಲ್ಕನೇ ತಾರೀಖು, ಟಪಾಲಿಗೆ ಹಾಕುತ್ತೇನೆ.