ಒಂದು ಗೇಣು ಮುಂದೆ

ನಮ್ಮ ಭಾವನನ್ನು ಟಿವಿಯಲ್ಲಿ ನೋಡಬೇಕಾದರೆ ರೆಪ್ಪೆ ಬಡಿಯಬಾರದು. ಫಾರ್ಮುಲಾ ರೇಸಿನ ನಡುವೆ ಕಾರು ಟೈರು ಬದಲಿಸಲು ಒಳಗೆ ಬಂದಾಗ, ಬಲಗಡೆಯ ಮುಂಚಕ್ರದ ಪಕ್ಕ ಮಂಡಿಯೂರಿ ಗನ್ನಿನಿಂದ ನಟ್ಟು ಬಿಚ್ಚಿ ಬಿಗಿಯುವವರು ಅವರು. ಎರಡೂವರೆ ಸೆಕೆಂಡಿನ ಕೆಲಸ. ಅಷ್ಟಕ್ಕೆ ವರ್ಷವಿಡೀ ಊರೂರು ಅಲೆಯುತ್ತಾರೆ. "ನಮ್ಮನೆ ನಲ್ಲಿ ಮಾತ್ರ ಸೋರ್ತಾನೇ ಇದೆ," ಎಂದು ಅಕ್ಕ ಗೊಣಗುತ್ತಾಳೆ.

ಅವರ ತಂಡಕ್ಕೆ ಇಬ್ಬರು ಚಾಲಕರು. ಹಿರಿಯವನು ಟೈರನ್ನು ಮಗುವಿನಂತೆ ಸಾಕುತ್ತಾನೆ. ತಿರುವಿಗೆ ಮೊದಲೇ ಬ್ರೇಕು ಒತ್ತಿ ನುಣುಪಾಗಿ ಹೊರಬರುತ್ತಾನೆ. ಕಿರಿಯವನು ಕೊನೇ ಗಳಿಗೆವರೆಗೂ ಬ್ರೇಕು ಮುಟ್ಟದೆ ಸಂದಿ ಕಂಡಲ್ಲಿ ನುಗ್ಗುವ ಹುಂಬ. ಅಪ್ಪ ಹಿರಿಯವನ ಕಡೆ, ನಾನು ಕಿರಿಯವನ ಕಡೆ. ಊಟಕ್ಕೆ ಕೂತರೂ ಇದೇ ಜಗಳ. ಭಾವನನ್ನು ಕೇಳಿದರೆ, "ಹಿರಿಯವ್ರು ಗೆರೆ ಮೇಲೆ ಕಾರು ನಿಲ್ಲಿಸ್ತಾರೆ, ಚಿಕ್ಕೋನು ಒಂದು ಗೇಣು ಮುಂದೆ ನಿಲ್ಲಿಸ್ತಾನೆ. ನಂಗೆ ಗೊತ್ತಿರೋದು ಅಷ್ಟೇ ಕಣೋ," ಎನ್ನುತ್ತಿದ್ದರು. ಕಿರಿಯವನು ಬರುವಾಗ ಅವರೂ ಒಂದು ಗೇಣು ಮುಂದಕ್ಕೇ ಮಂಡಿಯೂರುತ್ತಿದ್ದರು.

ಅಂದು ವರ್ಷದ ಕೊನೆಯ ರೇಸು. ಗೆದ್ದವನಿಗೆ ಪಟ್ಟ, ಅದೂ ಇವರಿಬ್ಬರಲ್ಲೇ ಒಬ್ಬನಿಗೆ. ಹಿರಿಯವನಂತೂ ಇದಾದ ಮೇಲೆ ಓಡಿಸುವುದಿಲ್ಲವೆಂದು ಹೇಳಿಬಿಟ್ಟಿದ್ದ. ಕಿರಿಯವನು ಮುಂದೆ, ಹಿರಿಯವನು ಅವನ ಬೆನ್ನಿಗೇ. ಟೈರು ಸವೆಯಿತೆಂದು ಮೊದಲು ಕಿರಿಯವನನ್ನು, ಹಿಂದೆಯೇ ಹಿರಿಯವನನ್ನು ಒಳಗೆ ಕರೆದರು. ಆದರೆ ಹುಂಬ ಬ್ರೇಕು ತಡಮಾಡಿ ಜಾರಿದ. ಒಳದಾರಿ ತಪ್ಪಿ ಇನ್ನೊಂದು ಸುತ್ತಿಗೆ ಹೋದ. ಹಿರಿಯವನು ಸಲೀಸಾಗಿ ಒಳಗೆ ಬಂದ.

"ಅನುಭವ ಅಂದ್ರೆ ಇದು!" ಎಂದರು ಅಪ್ಪ. ನನಗೆ ಮೈ ಉರಿಯಿತು.

ಕಿರಿಯವನಿಗೆಂದು ಹಿಡಿದು ನಿಂತಿದ್ದ ಟೈರುಗಳನ್ನು ತಂಡದವರು ಗಡಿಬಿಡಿಯಲ್ಲಿ ಅದಲುಬದಲು ಮಾಡಿದರು. ಭಾವನ ಮಂಡಿ ಮಾತ್ರ ಕಿರಿಯವನ ಲೆಕ್ಕಕ್ಕೇ ಊರಿತ್ತು. ಕಾರು ಗೆರೆಯ ಮೇಲೆ, ಅವರಿಗಿಂತ ಒಂದು ಗೇಣು ಹಿಂದೆ ನಿಂತಿತು. ಓರೆಯಾಗಿ ಚಾಚಿದ ಗನ್ನು ಹೊಸ ಚಕ್ರದ ನಟ್ಟನ್ನು ಸೊಟ್ಟಗೆ ಕೂರಿಸಿತು. ಇದು ನಮಗೆ ಆಮೇಲೆ ತಿಳಿದದ್ದು. ಆಗ ಕಂಡದ್ದಿಷ್ಟೇ: ಉಳಿದ ಮೂರು ಚಕ್ರದವರು ಕೆಲಸ ಮುಗಿಯಿತೆಂದು ಗನ್ನಿನ ಗುಂಡಿ ಒತ್ತಿ ಕೈ ಎತ್ತಿದ್ದರು. ಭಾವನೂ ಒತ್ತಿದರೆ ಹಸಿರು ದೀಪ, ಕಾರು ಹೊರಟಂತೆ. ಅರೆಬರೆ ಬಿಗಿದ ನಟ್ಟು ಕೊನೆವರೆಗೂ ತಡೆದರೂ ತಡೆಯಬಹುದಿತ್ತು. ಮುನ್ನೂರರ ವೇಗದಲ್ಲಿ ಕಳಚಿದರೆ ಒಳಗಿದ್ದವನ ಕಥೆ ಮುಗಿದಂತೆಯೇ.

"ಒತ್ರೀ ಅಳಿಯಂದ್ರೇ, ಒತ್ರೀ!" ಅಪ್ಪ ಎದ್ದುನಿಂತು ಕೂಗಿದರು.

ಭಾವ ಒತ್ತಲಿಲ್ಲ. ಎಡಗೈ ಎತ್ತಿ ಬೇಡ ಬೇಡವೆಂದು ಬೀಸಿದರು. ನಟ್ಟು ಬಿಚ್ಚಿ ಬೇರೆಯದನ್ನು ಹಾಕಿ, ಅಲುಗಾಡಿಸಿ ನೋಡಿ, ಆಮೇಲೆ ಒತ್ತಿದರು. ಅಷ್ಟರಲ್ಲಿ ಹಿರಿಯವನಿಗೆ ಪಟ್ಟ ಕೈತಪ್ಪಿಯಾಗಿತ್ತು. ಮುಂದಿನ ಸುತ್ತಿನಲ್ಲಿ ಟೈರು ಬದಲಿಸಿದ ಕಿರಿಯವನೇ ಗೆದ್ದ. ನನಗೆ ಕುಣಿಯುವ ಮನಸ್ಸಾಗಲಿಲ್ಲ. ಅಪ್ಪ ಟಿವಿ ಆರಿಸಿ ಒಳಗೆ ಹೋದರು.

ಸಂಜೆ ಭಾವನ ಫೋನು ಬಂತು. ಅಕ್ಕ ಸ್ಪೀಕರ್ ಹಾಕಿದಳು.

"ಮುಂದಿನ ವರ್ಷ ಗನ್ ಹಿಡಿಯೋದು ಬೇಡ ಅಂದ್ರು ಕಣೇ."

"ಹಿರಿಯವ್ರು ಏನಂದ್ರು?"

"ದಾಪುಗಾಲು ಹಾಕ್ಕೊಂಡು ಬಂದು, ಎಲ್ರ ಎದುರಿಗೂ ಬಾಯಿಗೆ ಬಂದಂಗೆ ಬೈದು ಹೋದ್ರು."

ಅಕ್ಕ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು.

"ತಮ್ಮ ಕಾಲಲ್ಲೇ ನಡ್ಕೊಂಡು ಬಂದು ಬೈದ್ರಲ್ಲ ರೀ," ಎಂದಳು. "ಬೈಸ್ಕೊಳ್ಳಿ."