ಅಳತೆ ಕಲ್ಲಿಗೆ ಕುಂಕುಮ

ಗೌರಿಬಿದನೂರಿನ ಕಾರ್ಖಾನೆಯಲ್ಲಿ ಅಳತೆ ರೂಮಿನ ಗ್ರಾನೈಟ್ ಕಲ್ಲು ಒರೆಸೋದು ನನ್ನ ಕೆಲಸ. ಚೂರು ಧೂಳಿದ್ದರೂ ಮೇಲಿಟ್ಟ ಸಾಮಾನಿನ ಅಳತೆ ತಪ್ಪುತ್ತೆ. ಹೋದ ವರ್ಷ ಆಯುಧಪೂಜೆಗೆ ನಮ್ಮನೆಯೋಳು ಕೊಟ್ಟ ಕುಂಕುಮ ಕಲ್ಲಿಗೆ ಇಟ್ಟಿದ್ದೆ. ಅಳತೆ ರೂಮು ನೋಡ್ಕೊಳ್ಳೋ ಮೇಡಂ ಬೈದು ಪೊಟ್ಟಣ ಕಿತ್ಕೊಂಡಿದ್ದರು.

ಈ ಸಲ ನಮ್ಮನೆಯೋಳೇ ಇಲ್ಲ. ಪೂಜೆ ಹೊತ್ತಿಗೆ ನಾನು ಬಾಗಿಲಾಚೆ ನಿಂತಿದ್ದೆ.

"ಯಾಕಣ್ಣ, ಒಳಗೆ ಬರಲ್ವಾ?" ಅಂದರು ಮೇಡಂ.

"ವರ್ಷ ತುಂಬೋವರೆಗೂ ನಮಗೆ ಹಬ್ಬ ಇಲ್ಲಮ್ಮ."

"ನಿಮಗಿಲ್ಲ, ಸರಿ. ಕಲ್ಲೇನು ಮಾಡಿತ್ತು?" ಅಂತ ಡ್ರಾಯರಿನಿಂದ ಅದೇ ಪೊಟ್ಟಣ ತೆಗೆದುಕೊಟ್ಟರು. "ಕಲ್ಲಿನ ಕೆಳಗಿನ ಸ್ಟ್ಯಾಂಡಿಗೆ ಮಾತ್ರ ಇಡಿ."

ಒಳಗೆ ಹೋಗಿ ಇಡೋವಾಗ ಚೂರು ಕಲ್ಲಿನ ಮೇಲೂ ಬಿತ್ತು. ಮೇಡಂ ನೋಡಿದರು. "ನಾಳೆ ಒರೆಸಿ" ಅಂದರು, ಅಷ್ಟೇ.

ಮಾರನೇ ದಿನ ಮೂರು ಸಲ ಒರೆಸಿದೆ. ಆ ಬಟ್ಟೆ ಮಾತ್ರ ಇನ್ನೂ ಒಗೆದಿಲ್ಲ. ಗೊತ್ತಾದರೆ ಮೇಡಂ ಅದಕ್ಕೂ ಬೈತಾರೆ.