ಕುದುರೆ ಮೇಲಿನವನನ್ನು ಬೇಡ ಅಂದ ಮಳೆಗಾಲ

ಮಳೆಗಾಲಕ್ಕೆ ದೋಣಿಗಳು ದಡ ಹತ್ತಿದವೆಂದರೆ ನಮ್ಮ ಮನೆಗೆ ಕಾದಂಬರಿಗಳು ಬಂದಿಳಿಯುತ್ತಿದ್ದ ಕಾಲ ಅದು. ನಾನಾಗ ಆರನೇ ಕ್ಲಾಸಿನ ಹುಡುಗಿ. ಮರವಂತೆಯಲ್ಲಿ ಕಡಲಿಗೂ ಹೊಳೆಗೂ ನಡುವೆ ಹೆದ್ದಾರಿ ಹಾದುಹೋಗುತ್ತದಲ್ಲ, ಅಲ್ಲಿಂದ ತುಸು ಮುಂದೆ ತೆಂಗಿನ ಮರಗಳ ನಡುವೆ ನಮ್ಮ ಅಜ್ಜಿಯ ಮನೆ. ಅಜ್ಜಿಯ ಮನೆ ಎಂದರೆ ರಜೆಗೆ ಹೋಗಿ ಬರುವ ಮನೆ ಅಂತ ತಿಳಿಯಬೇಡಿ. ನಮ್ಮದು ಅಳಿಯಕಟ್ಟು. ಮನೆ ಅಜ್ಜಿಯದು, ಅವಳ ನಂತರ ಅವಳ ಹೆಣ್ಣುಮಕ್ಕಳದು. ಅಮ್ಮ, ನಾನು, ಅಮ್ಮನ ತಂಗಿ ವನಜ ಚಿಕ್ಕಮ್ಮ, ಅಮ್ಮನ ಅಣ್ಣ ಸೀನ ಮಾವ, ಎಲ್ಲರೂ ಅಲ್ಲೇ. ಅಪ್ಪಯ್ಯ ಉಪ್ಪುಂದದ ತಮ್ಮ ತಾಯಿ ಮನೆಗೂ ನಮ್ಮ ಮನೆಗೂ ಓಡಾಡಿಕೊಂಡಿದ್ದರು. ಲೋಕದಲ್ಲೆಲ್ಲ ಹೀಗೇ ಇರುತ್ತದೆ ಅಂತಲೇ ನಾನು ತಿಳಿದಿದ್ದೆ.

ವನಜ ಚಿಕ್ಕಮ್ಮ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮೀನು ಇರುವ ತಿಂಗಳುಗಳಲ್ಲಿ ಬುಟ್ಟಿ ಹೊತ್ತು ಒಳಗಿನ ಊರುಗಳ ಮನೆಮನೆಗೆ ಹೋಗಿ ಮಾರುತ್ತಿದ್ದಳು. ಮಳೆ ಹಿಡಿದು ಕಡಲು ಮುಚ್ಚಿದ ಮೇಲೆ ಅವಳು ಓದುಗಾರ್ತಿ. ಆಗ ಕುಂದಾಪುರದ ಪೇಟೆಯಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಒಂದು ಸಣ್ಣ ಅಂಗಡಿ ಇತ್ತು. ಕಪಾಟಿಗೆ ಚೀಟಿ ಅಂಟಿಸಿದ್ದರು: ಸಾಮಾಜಿಕ, ಐತಿಹಾಸಿಕ, ಪತ್ತೇದಾರಿ. ಚಿಕ್ಕಮ್ಮ ಪತ್ತೇದಾರಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಪ್ರೀತಿಯ ಕಥೆ. ರಾಜರ ಕಾಲದ್ದಾದರೂ ಸರಿ, ಬ್ಯಾಂಕು ಆಫೀಸಿನದ್ದಾದರೂ ಸರಿ. ಮೀನು ಕೊಳ್ಳುವವರು ಕಿವಿರು ಎತ್ತಿ ನೋಡುವ ಹಾಗೆ ಅವಳು ಪುಸ್ತಕವನ್ನು ನಡುವಿಗೆ ತೆರೆದು ಒಂದು ಪುಟ ಓದಿ ನೋಡುತ್ತಿದ್ದಳು.

"ಸುರುವಿಗೆ ಎಲ್ರೂ ಲಾಯ್ಕ್ ಬರಿತ್ರ್ ಹೆಣೆ. ನಡೂಗೆ ಹಳ್ಸ್ತಾ ಅಂದ್ ಕಾಣ್ಕ್," ಅಂತ ನನಗೆ ಪಾಠ ಹೇಳುತ್ತಿದ್ದಳು.

ಮಧ್ಯಾಹ್ನ ಕೊಚ್ಚಕ್ಕಿ ಗಂಜಿ, ಸುಟ್ಟ ಒಣಮೀನು, ಮಾವಿನ ಮಿಡಿ ಉಂಡು ಮುಗಿಸಿದ ಮೇಲೆ ನೆರೆಯ ಹೆಂಗಸರು ಒಬ್ಬೊಬ್ಬರೇ ನಮ್ಮ ಜಗಲಿಗೆ ಬರುತ್ತಿದ್ದರು. ಕೈಗೆ ಕೆಲಸ ಬೇಕಲ್ಲ, ತೆಂಗಿನ ಗರಿ ಸೀಳಿ ಕಡ್ಡಿ ತೆಗೆದು ಕಸಬರಿಕೆ ಕಟ್ಟುತ್ತಾ ಕೂರುವುದು. ಒದ್ದೆ ಗರಿಯ ಹಸಿ ವಾಸನೆ, ಒಳಗೆ ಬೂದಿಯಲ್ಲಿ ಸುಡುತ್ತಿದ್ದ ಹಲಸಿನ ಬೀಜದ ವಾಸನೆ, ಅದರ ಮೇಲೆ ಹಳೇ ಪುಸ್ತಕದ ವಾಸನೆ. ನಾನು ಚೆನ್ನೆಮಣೆ ಮುಂದಿಟ್ಟುಕೊಂಡು ಒಬ್ಬಳೇ ಎರಡೂ ಕಡೆ ಆಡುತ್ತಾ ಕಿವಿಯನ್ನೆಲ್ಲ ಕಥೆಗೆ ಕೊಟ್ಟಿರುತ್ತಿದ್ದೆ. ಚಿಕ್ಕಮ್ಮ ಗಟ್ಟಿಯಾಗಿ ಓದಬೇಕಿತ್ತು. ಹಂಚಿನ ಮೇಲೆ ಮಳೆ, ಹಿಂದೆ ಕಡಲಿನ ಅಬ್ಬರ. ನಾಯಕ ನಾಯಕಿಯ ಕಿವಿಯಲ್ಲಿ ಪಿಸುಗುಟ್ಟಿದ್ದನ್ನೂ ಅವಳು ಕೂಗಿಯೇ ಓದುತ್ತಿದ್ದಳು. ದಾರಿಯಲ್ಲಿ ಕೊಡೆ ಹಿಡಿದು ಹೋಗುವವರು ಬೆಚ್ಚಿ ನಿಂತದ್ದುಂಟು.

ಅಜ್ಜಿ ಹುಣಸೆಹಣ್ಣು ಬಿಡಿಸುತ್ತಾ ಬಾಗಿಲ ಹತ್ತಿರ ಕೂರುತ್ತಿದ್ದಳು. "ನಂಗೆ ಈ ಪುರಾಣ ಎಲ್ಲ ಬ್ಯಾಡ, ಗಾಳಿಗೆ ಕೂಕಂಡದ್ದ್," ಅನ್ನುತ್ತಿದ್ದಳು. ಸೀನ ಮಾವನಂತೂ ಜಗಲಿಯ ಕೊನೆಯಲ್ಲಿ ನಮಗೆ ಬೆನ್ನು ಹಾಕಿ ಬಲೆ ಸರಿಮಾಡುತ್ತಿದ್ದ. ಒಮ್ಮೆಯೂ ತಿರುಗಿ ನೋಡಿದವನಲ್ಲ.

ಆಮೇಲೆ ನಾನು ಎಷ್ಟೋ ಪುಸ್ತಕ ವಿಮರ್ಶೆಗಳನ್ನು ಓದಿದ್ದೇನೆ, ಸಭೆಗಳಲ್ಲಿ ಕೂತು ಭಾಷಣ ಕೇಳಿದ್ದೇನೆ. ನಮ್ಮ ಜಗಲಿಯಷ್ಟು ಕಟ್ಟುನಿಟ್ಟಿನ ವಿಮರ್ಶಕರನ್ನು ಬೇರೆಲ್ಲೂ ಕಂಡಿಲ್ಲ. ಈ ಮಾತನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಐತಿಹಾಸಿಕ ಕಾದಂಬರಿಗಳಲ್ಲಿ ಚಿಕ್ಕಮ್ಮನಿಗೆ ಕೋಟೆ, ಸುರಂಗ, ಉಡುಗೆ ತೊಡುಗೆ ಎಲ್ಲ ಇಷ್ಟ. ಪ್ರೀತಿ ಮಾತ್ರ ಅವಸರದ್ದು ಅಂತ ಅವಳ ತಕರಾರು. "ರಾಜಂಗೆ ಕಂಡ ಕೂಡ್ಲೇ ಪ್ರೀತಿ ಆಯ್ಕ್. ಪುರ್ಸೊತ್ತ್ ಇಲ್ಲೆ ಮಾರಾಯ್ತಿ, ಮುಂದಿನ ಅಧ್ಯಾಯದಂಗೆ ಯುದ್ಧ ಇತ್ತಲೆ," ಅನ್ನುತ್ತಿದ್ದಳು. ಸಾಮಾಜಿಕ ಕಾದಂಬರಿಗಳ ಮೇಲೆ ಬೇರೆ ದೂರು. ಅಲ್ಲಿ ಪುರುಸೊತ್ತು ಬೇಕಾದಷ್ಟಿದೆ, ಬಾಯಿ ಬಿಡುವವರಿಲ್ಲ. ಯಾರೋ ಏನೋ ಹೇಳಿದರೆಂದು ನಾಯಕ ಮುನಿಸಿಕೊಂಡು ಊಟಿಗೆ ಹೋಗುತ್ತಾನೆ, ನಾಯಕಿ ದಿಂಬು ಒದ್ದೆ ಮಾಡುತ್ತಾಳೆ. "ಹೀಂಗೀಂಗ್ ಅಂಬ್ರಲ್ಲ, ಹೌದಾ ಅಂದ್ ಒಂದ್ ಮಾತ್ ಕೇಳಿದ್ರೆ ಪುಸ್ತಕ ಅಲ್ಲಿಗೇ ಮುಗಿತಿತ್ತ್."

ಮದುವೆಯಾಗಿ ನಾಯಕಿ ಅಳುತ್ತಾ ಗಂಡನ ಮನೆಗೆ ಹೊರಡುವ ಜಾಗ ಬಂದಾಗಲೆಲ್ಲ, ಗಾಳಿಗೆ ಕೂತ ಅಜ್ಜಿಗೆ ತಡೆಯುತ್ತಿರಲಿಲ್ಲ. "ಅದ್ ಎಂತಕ್ ಮರ್ಕುದ್? ಅದ್ಕೆ ಮನಿ ಇಲ್ಯಾ?" ಅಂತ ಕೇಳುತ್ತಿದ್ದಳು. ಕಾದಂಬರಿಯ ಹೆಂಗಸರೆಲ್ಲ ಮನೆಯಿಲ್ಲದ ಅನಾಥರು, ಅದಕ್ಕೇ ಇನ್ನೊಬ್ಬರ ಮನೆಗೆ ಹೋಗುತ್ತಾರೆ ಅಂತ ನಾನು ಬಹಳ ಕಾಲ ನಂಬಿದ್ದೆ.

ಆ ವರ್ಷದ ದೊಡ್ಡ ಜಗಳ ಒಂದು ಐತಿಹಾಸಿಕ ಕಾದಂಬರಿಯ ಮೇಲೆ ನಡೆಯಿತು. ಪಾಳೆಯಗಾರನ ಮಗ ಕುದುರೆ ಮೇಲೆ ಬರುತ್ತಾನೆ, ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹುಡುಗಿಯನ್ನು ಎತ್ತಿ ಕೂರಿಸಿಕೊಂಡು ಅರಮನೆಗೆ ಒಯ್ಯುತ್ತಾನೆ. ಅವಳು "ನನ್ನನ್ನು ಮನೆಗೆ ಕಳಿಸಿ" ಅಂತ ಕೇಳುತ್ತಾಳೆ. ಅವನು ಮಂತ್ರಿಯ ಕಡೆ ತಿರುಗಿ "ಎಂಥ ಇಂಪಾದ ಸ್ವರ" ಅನ್ನುತ್ತಾನೆ. ಚಿಕ್ಕಮ್ಮ ಅಲ್ಲಿಗೆ ಪುಸ್ತಕ ಮುಚ್ಚಿಬಿಟ್ಟಳು.

"ಮುಚ್ಬೇಡ ವನಜ, ಅವ ಎಷ್ಟ್ ಚಂದ ಇದ್ದ," ಅಂದಳು ಪಕ್ಕದ ಮನೆಯ ಕಾವೇರಕ್ಕ. ಅವಳಿಗೆ ಕುದುರೆ, ಮೀಸೆ, ಕತ್ತಿ ಇದ್ದರೆ ಸಾಕು, ಎಲ್ಲ ಮಾಫಿ.

"ಚಂದ ಇದ್ದ, ಅದ್ ಹೌದ್. ಅದ್ ಮನಿಗ್ ಹೋತೆ ಅಂದ್ ಹೇಳ್ತ್, ಇವ ಸ್ವರ ಲಾಯ್ಕಿತ್ತ್ ಅಂತ. ಹೇಳದ್ದ್ ಎಂತ ಅಂದ್ ಕೇಂಬುದಿಲ್ಯಾ?"

ಕೊನೆಗೆ ಎಲ್ಲರ ಒತ್ತಾಯಕ್ಕೆ ಓದಿ ಮುಗಿಸಿದಳು. ಯುದ್ಧದಲ್ಲಿ ಗಾಯವಾಗಿ ಮಲಗಿದ ಅವನಿಗೆ ಅದೇ ಹುಡುಗಿ ಆರೈಕೆ ಮಾಡುತ್ತಾಳೆ, ಅವನು ಅವಳ ಕಾಲು ಹಿಡಿದು ಅಳುತ್ತಾನೆ. ಜಗಲಿ ಎರಡು ಪಾಲಾಯಿತು. ಕಾವೇರಕ್ಕನ ಕಡೆಯವರು ಕ್ಷಮಿಸಿದರು, ಚಿಕ್ಕಮ್ಮನ ಕಡೆಯವರು ಕ್ಷಮಿಸಲಿಲ್ಲ. ಅದೇ ಮಾತು ಬಾವಿಕಟ್ಟೆಯ ಹತ್ತಿರವೂ ಮುಂದುವರಿಯಿತು.

ಶುಭಕಾರ್ಯ ಎತ್ತದ ಆಸಾಡಿ ಕಳೆದು ಸೋಣೆ ತಿಂಗಳು ಹುಟ್ಟಿದ ಮೇಲೆ ಚಿಕ್ಕಮ್ಮನನ್ನು ನೋಡಲು ಬಂದರು. ಅವಳಿಗೆ ಇಪ್ಪತ್ತೇಳು. ಊರಿನ ಲೆಕ್ಕದಲ್ಲಿ ಅದು ತಡವೇ. ಹುಡುಗ ಕುಂಭಾಶಿ ಕಡೆಯವನು, ಬೊಂಬಾಯಿಯಲ್ಲಿ ಸ್ವಂತ ಹೋಟೆಲು. ಬಿಳೀ ಕಾರಿನಲ್ಲಿ ಬಂದಿಳಿದ. ಎತ್ತರ, ಬಣ್ಣ, ಹುರಿ ಮೀಸೆ, ಜಗಲಿ ತುಂಬಾ ಸೆಂಟಿನ ಪರಿಮಳ. ಗೋಳಿಬಜೆಯ ತಟ್ಟೆ ಹಿಡಿದು ನಾನು ಅವನ ಮುಂದೆ ನಿಂತೆ. ಕಾದಂಬರಿಯಿಂದ ನೇರವಾಗಿ ನಮ್ಮ ಮನೆಗೆ ಇಳಿದು ಬಂದಿದ್ದಾನೆ ಅನ್ನಿಸಿತು. ಚಿಕ್ಕಮ್ಮನಿಗೂ ಅವನು ಹಿಡಿಸಿದ್ದ. ಒಳಗೆ ಹೂ ಮುಡಿಯುವಾಗ ಅವಳ ಕಿವಿ ಕೆಂಪಾದದ್ದನ್ನು ನಾನೇ ಕಂಡಿದ್ದೇನೆ.

ಅವನು ಸೀನ ಮಾವನ ಹತ್ತಿರ ಬೊಂಬಾಯಿಯ ವಿಷಯ ಹೇಳುತ್ತಿದ್ದ. ಚಿಕ್ಕಮ್ಮ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಕೇಳಿದಳು, "ನಿಮ್ಮ್ ಮನಿ ಹತ್ರ ಕನ್ನಡ ಪುಸ್ತಕ ಸಿಕ್ಕುವ ಜಾಗ ಇತ್ತಾ?"

ಅವನು ಮಾವನ ಕಡೆ ನೋಡಿ ನಕ್ಕ. "ಮಾತ್ ಚಂದ ಇತ್ತ್ ಹೆಣ್ಣಿಂದ್," ಅಂದ.

ಅವಳು ಮತ್ತೆ ಕೇಳಿದಳು. "ನಾನ್ ಮೀನ್ ವ್ಯಾಪಾರ ಮಾಡಿ ಅಭ್ಯಾಸ ಆದವ್ಳ್. ಅಲ್ಲಿಯೂ ಎಂತಾರೂ ಕೆಲ್ಸ ಮಾಡ್ಲಕ್ಕಾ?"

ಈ ಸಲವೂ ಅವನ ಉತ್ತರ ಹೋದದ್ದು ಮಾವನಿಗೆ. "ನಮ್ಮನಿಯಂಗೆ ಹೆಂಗ್ಸ್ರ್ ಕೆಲ್ಸಕ್ಕ್ ಹೋಪುದಿಲ್ಲೆ. ರಾಣಿ ಹಾಂಗೆ ಕೂಕಂಡ್ರೆ ಸಾಕ್."

ನೆರವಿಗೆ ಬಂದಿದ್ದ ಕಾವೇರಕ್ಕ ಗೋಳಿಬಜೆ ಕರಿಯುವುದನ್ನು ಬಿಟ್ಟು ಬಾಗಿಲಿಗೆ ಬಂದು ನಿಂತಳು.

ಕಾರು ಹೋದ ಮೇಲೆ ಹೆಂಗಸರೆಲ್ಲ ಮಾಮೂಲಿನಂತೆ ಬಂದು ಕೂತರು. ಎಲ್ಲರಿಗೂ ಸುದ್ದಿ ಬೇಕಿತ್ತು. ಅವರ ಕಡೆಯಿಂದ ಒಪ್ಪಿಗೆ ಬಂದಾಗಿತ್ತು. ಮಾವನ ಮುಖದಲ್ಲಿ ಅಷ್ಟು ಸಂತೋಷ ನಾನು ಆವರೆಗೆ ಕಂಡಿರಲಿಲ್ಲ.

"ಹೌದ್ ಅಂದ್ ಹೇಳಿ ಕಳ್ಸುದಲ್ದಾ?" ಅಂತ ಕೇಳಿದ.

"ಬ್ಯಾಡ ಅಣ್ಣಯ್ಯ," ಅಂದಳು ಚಿಕ್ಕಮ್ಮ.

"ಎಂತಕ್ ಬ್ಯಾಡ? ಕಾಂಬುಕೆ ಲಾಯ್ಕಿಲ್ಯಾ?"

"ಲಾಯ್ಕಿದ್ದ."

"ಮತ್ತೆಂತ?"

"ನಾನ್ ಕೇಳದ್ದಕ್ಕೆ ಅವ ನಿಮ್ಗ್ ಉತ್ತರ ಕೊಟ್ಟ."

ಮಾವನ ಸಿಟ್ಟು ನೆತ್ತಿಗೇರಿತು. "ಕಾದಂಬರಿ ಓದಿ ಓದಿ ನಿನ್ನ್ ತಲಿ ಹಾಳಾಯ್ತ್. ಇಂಥಾ ಸಂಬಂಧ ಇನ್ನ್ ಬತ್ತಿಲ್ಲೆ. ನಾಳಿಂದ ಈ ಮನಿಗ್ ಒಂದೂ ಪುಸ್ತಕ ಬಪ್ಪುಕಾಗ," ಅಂದ. ಚಿಕ್ಕಮ್ಮ ಸೆರಗಿನ ತುದಿ ಹಿಡಿದು ಹಿಂಡುತ್ತಿದ್ದಳು. ಅಷ್ಟು ವರ್ಷ ಬುಟ್ಟಿ ಹೊತ್ತವಳಿಗೆ ಇದ್ದ ಒಂದೇ ಸುಖ ಅದು. ಅದೂ ಹೋಯಿತು ಅಂತ ನನಗೆ ಅಳು ಬಂತು.

ಆಗ ಬಾಗಿಲ ಹತ್ತಿರದಿಂದ ಅಜ್ಜಿಯ ದನಿ. "ಸೀನ, ಅದ್ ಹೇಳದ್ದ್ ಸಮ. ಆ ಕುದ್ರಿ ಮೇಲ್ ಬಂದವ್ನೂ ಹೀಂಗೇ ಮಾಡದ್ದ್. ಹೆಣ್ಣ್ ಹೇಳದ್ದ್ ಬಿಟ್ಟ್ ಮಂತ್ರಿ ಮುಖ ಕಂಡ."

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಕಾವೇರಕ್ಕ ಸೋತವಳ ಹಾಗೆ ಅಂದಳು, "ಹೌದಲೆ. ಇವ ಕಾರಂಗೆ ಬಂದ, ಅಷ್ಟೇ ವ್ಯತ್ಯಾಸ." ಉಳಿದವರೂ ಸೇರಿಕೊಂಡರು. ಒಬ್ಬಳು ಊಟಿಗೆ ಹೋದವನ ಹೆಸರೆತ್ತಿದಳು, ಇನ್ನೊಬ್ಬಳು ಇನ್ನಾವನದೋ. ಮಾವ ಎದ್ದು ನಿಂತೇಬಿಟ್ಟ.

"ಆ ಕುದ್ರಿಯವ ಕಡಿಗೆ ಸಮ ಆಯ್ಲಿಲ್ಯಾ? ಅದ್ರ್ ಕಾಲ್ ಹಿಡ್ದ್ ಮರ್ಕಲಿಲ್ಯಾ?"

ಇಡೀ ಮಳೆಗಾಲ ಬೆನ್ನು ತಿರುಗಿಸಿ ಕೂತವನು. ಮೊದಲು ನಕ್ಕವಳು ನನ್ನ ಅಮ್ಮ, ಆಮೇಲೆ ತಡೆಯುವವರೇ ಇರಲಿಲ್ಲ. ಚಿಕ್ಕಮ್ಮ ಮಾತ್ರ ನಗಲಿಲ್ಲ. ಅಣ್ಣನನ್ನೇ ನೋಡುತ್ತಾ ಅಂದಳು, "ಅವ್ನ್ ಬರ್ದವ್ರ್ ಸಮ ಮಾಡಿರ್ ಅಣ್ಣಯ್ಯ. ಇವ್ನ್ ಯಾರ್ ಸಮ ಮಾಡುದ್? ನಾನಾ?"

ಮಾವ ಮತ್ತೆ ಕೂತುಕೊಂಡ. ಆಮೇಲೆ "ಅಕ್ಕ್, ನಾನೇ ಹೋಯಿ ಹೇಳಿ ಬತ್ತೆ," ಅಂದ. ಮರುದಿನ ಕೊಡೆ ಹಿಡಿದು ಕುಂಭಾಶಿಯ ಬಸ್ಸು ಹತ್ತಿದ. ಮೀನಿನ ಬುಟ್ಟಿ ಹೊರುವವಳಿಗೆ ರಾಜಕುಮಾರನೇ ಬೇಕಂತೆ ಅಂತ ಊರು ಆಡಿಕೊಂಡಿತು. ಅವಳು ಬೇಡ ಅಂದದ್ದೇ ರಾಜಕುಮಾರನನ್ನು ಅಂತ ಊರಿಗೇನು ಗೊತ್ತು?

ಕೆಲವು ವರ್ಷದ ಮೇಲೆ ಗಂಗೊಳ್ಳಿ ಕಡೆಯ ಒಬ್ಬರು ಬಂದರು. ಐಸಿನ ಟೆಂಪೊ ಓಡಿಸುತ್ತಿದ್ದವರು, ಮೀಸೆಯೂ ಸರಿಯಾಗಿ ಇರಲಿಲ್ಲ. ಚಿಕ್ಕಮ್ಮ ಕೇಳಿದ ಅದೇ ಪುಸ್ತಕದ ಪ್ರಶ್ನೆಗೆ ಅವಳ ಮುಖ ನೋಡಿಯೇ "ನಂಗ್ ಗೊತ್ತಿಲ್ಲೆ, ಕೇಂಡ್ಕಂಡ್ ಬಂದ್ ಹೇಳ್ತೆ," ಅಂದರು. ಹೇಳಿದ ಹಾಗೆ ತಿರುಗಿ ಬಂದು ಹೇಳಿದರು. ಅಂಥ ಸಂಭಾಷಣೆ ಬರೆದ ಕಾದಂಬರಿಕಾರರನ್ನು ನಾನಿನ್ನೂ ಕಂಡಿಲ್ಲ. ಚಿಕ್ಕಪ್ಪ ಇವತ್ತಿಗೂ ಒಂದು ಪುಟ ಓದಿದವರಲ್ಲ. ಅವಳು ಓದಿದ ಎಲ್ಲ ಕಥೆಯೂ ಅವರಿಗೆ ಬಾಯಿಪಾಠ.

ನನ್ನನ್ನು ನೋಡಲು ಬಂದಾಗ ಮನೆಯಲ್ಲಿ ಯಾರೂ ಒತ್ತಾಯ ಮಾಡಲಿಲ್ಲ. ಆ ದಾರಿ ಚಿಕ್ಕಮ್ಮ ಸವೆಸಿ ಇಟ್ಟಿದ್ದಳು. ಅವಳ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ಅಕ್ಕನ ಮಗಳು ನಾನು, ಆದರೂ ಊರಲ್ಲಿ "ವನಜನ ಹೆಣ್ಣ್" ಅಂತಲೇ ಕರೆಯುತ್ತಾರೆ. ಹಾಗೆ ಕರೆದಾಗ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಈಗ ಆ ಬಾಡಿಗೆ ಪುಸ್ತಕದ ಅಂಗಡಿ ಇಲ್ಲ. ಅಜ್ಜಿ ಇಲ್ಲ, ಕಾವೇರಕ್ಕ ಇಲ್ಲ. ಓದು ಹೋಯಿತು ಅಂತ ನಾನು ಹೇಳುವುದಿಲ್ಲ, ಅದು ಸುಳ್ಳು. ಬ್ರಹ್ಮಾವರದ ನಮ್ಮ ಮನೆಯಲ್ಲಿ ನನ್ನ ಮಗಳು ಮೊಬೈಲಿನಲ್ಲಿ ನಾವೆಲ್ಲ ಸೇರಿ ಓದಿದ್ದಕ್ಕಿಂತ ಹೆಚ್ಚು ಪ್ರೀತಿಯ ಕಥೆ ಓದುತ್ತಾಳೆ. ಒಂದರಲ್ಲಿ ಹಳೇ ಕಾಲದ ಯಾವುದೋ ಜಮೀನ್ದಾರ, ಇನ್ನೊಂದರಲ್ಲಿ ಕಂಪೆನಿಯ ಮಾಲೀಕ. ಮೊನ್ನೆ ಸೋಫಾದ ಮೂಲೆಯಲ್ಲಿ ಕೂತು ಓದುತ್ತಿದ್ದವಳು ಇದ್ದಕ್ಕಿದ್ದಂತೆ ಮುಖ ಗಂಟು ಹಾಕಿ ಪುಟ ಸರಿಸಿಬಿಟ್ಟಳು.

"ಎಂತ ಆಯ್ತ್ ಮಗಾ? ಎಂತ ಮಾಡ್ದ ಅವ?" ಅಂತ ಕೇಳಿದೆ.

"ಎಂತ ಇಲ್ಲೆ ಅಮ್ಮ," ಅಂದಳು, ಕಣ್ಣೆತ್ತದೆ.

ಬೇಡ ಅನ್ನುವ ಧೈರ್ಯ ಅವಳಿಗಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಚಿಕ್ಕಮ್ಮ ಬೇಡ ಅಂದ ದಿನ ಅವಳ ಬೆನ್ನಿಗೆ ಒಂದು ಜಗಲಿ ಜನ ಇದ್ದರು. ಅವಳು ಯಾಕೆ ಬೇಡ ಅನ್ನುತ್ತಾಳೆ ಅಂತ ಅವರಿಗೆಲ್ಲ ಮೊದಲೇ ಗೊತ್ತಿತ್ತು. ನನ್ನ ಮಗಳಿಗೆ ಅಂಥ ದಿನ ಬಂದರೆ ಅವಳ ಪಕ್ಕದಲ್ಲಿ ನಾನು ಖಂಡಿತ ನಿಂತಿರುತ್ತೇನೆ. ಆದರೆ ಅವಳು ಅಲ್ಲಿಯವರೆಗೆ ಯಾರ್ಯಾರನ್ನು ಕಂಡು, ಯಾರ್ಯಾರನ್ನು ಬೇಡ ಅಂದು ಬಂದಿದ್ದಾಳೋ, ಅವರಲ್ಲಿ ಒಬ್ಬನ ಪರಿಚಯವೂ ನನಗಿರುವುದಿಲ್ಲ.